ಸಗಮಿಹಾರಾದಲ್ಲಿ ಒಂದು ಕೋವಿಯ ಸದ್ದು

ಮಿನಾಟೋ

ಜಪಾನಿನ ಪೊಲೀಸರು ನನ್ನನ್ನು ಮೊದಲ ಸಲ ತಡೆದದ್ದು ಒಂದು ಕೊಡೆಯ ದೆಸೆಯಿಂದ.

ವಿಮಾನ ನಿಲ್ದಾಣದಿಂದ ನನ್ನನ್ನು ಕರೆತರಲು ಬಂದಿದ್ದವನು ಶ್ರೀನಿಧಿ. ನನ್ನ ಅಣ್ಣನ ಮಗಳು ದೇಚುವಿನ ಗಂಡ, ಮೈಸೂರಿನ ಹುಡುಗ, ಸಾಫ್ಟ್‌ವೇರ್ ಕೆಲಸ. ಮಿನಾಟೋದಲ್ಲಿರುವ ತನ್ನ ಆಫೀಸಿನಿಂದ ಏನೋ ತೆಗೆದುಕೊಳ್ಳುವುದಿದೆ, ಐದು ನಿಮಿಷ ಅಷ್ಟೇ ಎಂದು ನನ್ನನ್ನೂ ಅಲ್ಲಿಗೆ ಎಳೆದೊಯ್ದ. ಆ ಕಡೆಯೆಲ್ಲ ರಾಯಭಾರ ಕಚೇರಿಗಳು. ಒಂದೊಂದು ಗೇಟಿನ ಮುಂದೆಯೂ ಮಾಸ್ಕ್ ಹಾಕಿದ ಪೊಲೀಸ್ ಒಬ್ಬ ಉದ್ದನೆಯ ದೊಣ್ಣೆ ಊರಿಕೊಂಡು ನಿಂತಿರುತ್ತಾನೆ. ಮಳೆ ಆಗಷ್ಟೇ ನಿಂತಿತ್ತು. ಶ್ರೀನಿಧಿ ಕೊಟ್ಟಿದ್ದ ಉದ್ದ ಕೊಡೆಯನ್ನು ಮಡಿಸಿದೆ, ಹೆಗಲ ಮೇಲಿಟ್ಟೆ, ಹಿಡಿಯನ್ನು ಅಂಗೈಯಲ್ಲಿ ಹಿಡಿದು ನಡೆದೆ.

ನಾನು ಕೊಡಗಿನವಳು. ಉದ್ದನೆಯದು ಏನು ಕೈಗೆ ಸಿಕ್ಕರೂ ಅದು ತಾನಾಗಿ ಹೆಗಲೇರುತ್ತದೆ.

ಪೊಲೀಸ್ ಮುಂದೆ ಬಂದು ಸೊಂಟ ಬಗ್ಗಿಸಿ ನಮಸ್ಕರಿಸಿದ. ನನ್ನನ್ನು ತಡೆಯುವ ಮೊದಲು ಯಾವ ಪೊಲೀಸನೂ ಈವರೆಗೆ ನಮಸ್ಕರಿಸಿರಲಿಲ್ಲವಾದ್ದರಿಂದ ನಾನೂ ಖುಷಿಯಿಂದ ಬಗ್ಗಿದೆ. ಬಗ್ಗುವಾಗ ಕೊಡೆಯ ತುದಿ ಅವನ ಟೋಪಿಗೆ ತಗಲಿತು. ಶ್ರೀನಿಧಿ ಓಡಿ ಬಂದವನೇ ‘ಸುಮಿಮಾಸೆನ್, ಸುಮಿಮಾಸೆನ್’ ಎಂದು ಕ್ಷಮೆ ಕೇಳುತ್ತ ನಿಂತ.

“ಏನಂತೆ ಅವನಿಗೆ?” ಎಂದೆ.

“ಹಿಂದೆ ಬರೋರ ಕಣ್ಣಿಗೆ ಚುಚ್ಚುತ್ತೆ, ಕೊಡೆ ಕೆಳಗೆ ಮಾಡ್ಕೊಳ್ಳಿ ಅಂತಿದಾರೆ ಅತ್ತೆ. ಪ್ಲೀಸ್, ಕೆಳಗೆ ಮಾಡಿ. ನಂದು ಪರ್ಮನೆಂಟ್ ರೆಸಿಡೆನ್ಸಿ ಅಪ್ಲಿಕೇಷನ್ ಪೆಂಡಿಂಗ್ ಇದೆ.”

ಕೊಡೆಗೂ ಅವನ ಅರ್ಜಿಗೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ. ಆದರೆ ಹುಡುಗ ಬೆವರುತ್ತಿದ್ದ, ಪಾಪ. ಕೆಳಗಿಳಿಸಿದೆ.

ರೈಲಿನಲ್ಲಿ ಅವನಿಗೆ ನನ್ನ ಊರಿನ ಕಥೆ ಹೇಳಿದೆ. ನಾವು ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿಲ್ಲ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. ನಮ್ಮಲ್ಲಿ ಕೋವಿ ದೇವರ ಮೂಲೆಯ ವಸ್ತು. ಕೈಲ್ ಪೊಳ್ದ್ ಹಬ್ಬದ ದಿನ ಅದಕ್ಕೆ ಹೂ ಮುಡಿಸಿ ಪೂಜೆ ಮಾಡುತ್ತೇವೆ, ಆಮೇಲೆ ಹೆಗಲಿಗೇರಿಸಿಕೊಂಡು ಮೈದಾನಕ್ಕೆ ಹೋಗಿ ತೆಂಗಿನಕಾಯಿಗೆ ಗುರಿಯಿಡುತ್ತೇವೆ. ಒಂದು ವರ್ಷ ವಿರಾಜಪೇಟೆಯಲ್ಲಿ ಸ್ಕೂಟರಿನ ಮೇಲೆ ಕೋವಿ ಹಾಕಿಕೊಂಡು ಹೋಗುತ್ತಿದ್ದಾಗ ಕಲಬುರಗಿ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಪೇದೆಯೊಬ್ಬ ಕೈ ಅಡ್ಡ ಹಾಕಿದ. “ಏನ್ರೀ ಮೇಡಂ, ಬಂದೂಕ ಹಾಕ್ಕೊಂಡ ಬಜಾರಕ್ಕ ಹೊಂಟೀರಲ್ರೀ!” ಎಂದ. ದನಿ ಜೋರಾಗಿತ್ತು, ಕಾಲು ಮಾತ್ರ ಎರಡು ಹೆಜ್ಜೆ ಹಿಂದಿತ್ತು. ವಿನಾಯಿತಿ ಪತ್ರ ತೋರಿಸಿದೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ನನಗೆ ಹುಡುಗರ ಗೊಂದಲ ನೋಡಿದರೆ ಬಿಟ್ಟು ಹೋಗಲು ಮನಸ್ಸಾಗುವುದಿಲ್ಲ. ಅಲ್ಲೇ ನಿಂತು ಕಾನೂನು ವಿವರಿಸಿ, ಮಧ್ಯಾಹ್ನ ಊಟಕ್ಕೆ ಬಾ ಎಂದು ಕರೆದೆ. ಬಂದ. ಕಡಂಬುಟ್ಟು, ಹಂದಿಮಾಂಸದ ಪಂದಿ ಕರಿ ತಿಂದ. ನನ್ನ ಕೋವಿಯ ಪಕ್ಕದಲ್ಲಿ ನಿಂತು ಫೋಟೋ ಕೂಡ ತೆಗೆಸಿಕೊಂಡ.

“ಆ ಫೋಟೋನ ಇಲ್ಲಿ ಯಾರಿಗೂ ತೋರಿಸ್ಬೇಡಿ ಅತ್ತೆ,” ಎಂದ ಶ್ರೀನಿಧಿ.

ಸಗಮಿಹಾರಾ

ದೇಚುವಿನ ಮನೆ ಸಗಮಿಹಾರಾದಲ್ಲಿ. ಅಲ್ಲಿ ಬಾಹ್ಯಾಕಾಶ ಸಂಶೋಧನೆ ನಡೆಯುವ ದೊಡ್ಡ ಕ್ಯಾಂಪಸ್ ಇದೆ, ಅವಳು ಅದರಲ್ಲಿ ಸಂಶೋಧಕಿ. ಆಕಾಶಕ್ಕೆ ಏನೇನೋ ಹಾರಿಸುವವರ ಊರಿನಲ್ಲಿ ಒಂದು ಪಟಾಕಿಯ ಸದ್ದೂ ಇಲ್ಲ. ಬೀದಿಯಲ್ಲಿ ನಾಯಿ ಬೊಗಳುವುದಿಲ್ಲ, ಕಾರು ಹಾರ್ನ್ ಹಾಕುವುದಿಲ್ಲ. ಕಸದ ಗಾಡಿ ಬಂದಾಗ ಸಣ್ಣದೊಂದು ಹಾಡು ಕೇಳಿಸುತ್ತದೆ, ಅದೂ ಕ್ಷಮೆ ಕೇಳುವ ದನಿಯಲ್ಲಿ. ಮೊದಲ ದಿನ ನಾನು ಫೋನಿನಲ್ಲಿ ಅತ್ತಿಗೆಯೊಡನೆ ಮಾತಾಡಿದ್ದು ಬೀದಿಯ ಆ ತುದಿಯ ಕೊಂಬಿನಿ ಅಂಗಡಿಯವರೆಗೂ ಕೇಳಿಸಿತಂತೆ.

ದೇಚುವಿನ ತಾಯಿ, ನನ್ನ ಅತ್ತಿಗೆಗೆ ವಿಮಾನವೆಂದರೆ ಪ್ರಾಣಭಯ. ಆದ್ದರಿಂದ ಬಾಣಂತನಕ್ಕೆ ನಾನು ಬಂದಿದ್ದೆ. ಜಪಾನ್ ಆಗಷ್ಟೇ ಗಡಿ ತೆರೆದು ಹೊರಗಿನವರನ್ನು ಬಿಟ್ಟುಕೊಳ್ಳತೊಡಗಿತ್ತು. ನಾನು ತಲುಪುವ ಹೊತ್ತಿಗೆ ಮಗು ಹುಟ್ಟಿ ಮನೆಗೂ ಬಂದಾಗಿತ್ತು. ಹೆಣ್ಣು ಮಗು. ಆಸ್ಪತ್ರೆಯಲ್ಲಿ ಕೊರೊನಾ ನಿಯಮದಿಂದ ಶ್ರೀನಿಧಿಗೂ ಒಳಗೆ ಪ್ರವೇಶವಿರಲಿಲ್ಲವಂತೆ. ಮಗಳನ್ನು ಮೊದಲು ನೋಡಿದ್ದು ಫೋನಿನಲ್ಲಿ, ಅದೂ ನೆಟ್‌ವರ್ಕ್ ಕೈಕೊಟ್ಟು ಮೂಗು ಮಾತ್ರ ಕಾಣಿಸಿತಂತೆ.

“ಮಾವಿ,” ಎಂದಳು ದೇಚು. ತಂದೆಯ ತಂಗಿಯನ್ನು ನಾವು ಕರೆಯುವುದು ಹಾಗೆ. “ನಂಗೆ ಒಂದು ಆಸೆ ಇದೆ. ನೀವು ಬೈಬಾರ್ದು.”

“ಕೇಳು.”

“ಇವಳಿಗೆ ಗುಂಡು ಹೊಡೀಬೇಕು.”

ಶ್ರೀನಿಧಿ ಕೈಯಲ್ಲಿದ್ದ ಹಾಲಿನ ಬಾಟಲಿ ಕೆಳಗಿಟ್ಟ. ಮೈಸೂರಿನವರಿಗೆ ಇಂಥ ಮಾತನ್ನು ನಿಧಾನವಾಗಿ ಬಿಡಿಸಿ ಹೇಳಬೇಕು. ನಮ್ಮಲ್ಲಿ ಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಊರಿಗೆ ಸುದ್ದಿ ಹೋಗುವುದು ಹಾಗೆ. ಹಳೆಯ ಕಾಲದಲ್ಲಿ ಗಂಡು ಮಗುವಿಗೆ ಮಾತ್ರ ಆ ಗೌರವ. ದೇಚು ಹುಟ್ಟಿದಾಗ ನನ್ನ ಅಣ್ಣ ಪೂವಯ್ಯ ಯಾರನ್ನೂ ಕೇಳದೆ ಹೊಡೆದ. ಅಕ್ಕಪಕ್ಕದವರೆಲ್ಲ ಗಂಡು ಎಂದುಕೊಂಡು ಓಡಿ ಬಂದರು, ಹೆಣ್ಣನ್ನು ನೋಡಿ ಕಾಫಿ ಕುಡಿದು ಹೋದರು.

ಸಾವಾದರೆ ಎರಡು ಗುಂಡು. ಒಂದರ ಹಿಂದೆಯೇ ಇನ್ನೊಂದು. ಅದನ್ನು ಕೇಳಿದವರು ಕೈಲಿದ್ದ ಕೆಲಸ ಬಿಟ್ಟು ಆ ಮನೆಗೆ ಹೊರಡುತ್ತಾರೆ.

ಕೊರೊನಾದ ಎರಡನೆಯ ಅಲೆಯಲ್ಲಿ ಅಣ್ಣ ಹೋದಾಗ ಆ ಎರಡು ಗುಂಡು ಹಾರಲಿಲ್ಲ. ನಾನೂ ಅದೇ ಆಸ್ಪತ್ರೆಯ ಇನ್ನೊಂದು ವಾರ್ಡಿನಲ್ಲಿ ಮೂಗಿಗೆ ಕೊಳವೆ ಹಾಕಿಕೊಂಡು ಮಲಗಿದ್ದೆ. ಮನೆಗೆ ಸೀಲ್‌ಡೌನ್ ಪಟ್ಟಿ ಕಟ್ಟಿದ್ದರು. ಅಣ್ಣನನ್ನು ಆಸ್ಪತ್ರೆಯಿಂದಲೇ ಒಯ್ದರು. ದೇಚು ಇಲ್ಲಿಂದ ಹೊರಡುವಂತಿರಲಿಲ್ಲ, ಹೊರಟರೆ ಮರಳಿ ಬಿಟ್ಟುಕೊಳ್ಳುವ ಖಾತರಿ ಇರಲಿಲ್ಲ. ಅತ್ತಿಗೆ ಫೋನಿನಲ್ಲಿ ಹೇಳಿದಾಗ ‘ಸರಿ ಅಮ್ಮ’ ಎಂದು, ಫೋನಿಟ್ಟು, ಆನ್‌ಲೈನ್ ಮೀಟಿಂಗಿಗೆ ಹೋದಳಂತೆ. ಅತ್ತದ್ದನ್ನು ಶ್ರೀನಿಧಿ ಅಂದಿನಿಂದ ಇಂದಿನವರೆಗೆ ನೋಡಿಲ್ಲ. ನನಗೆ ಅವಳ ಬಗ್ಗೆ ಇದ್ದ ಚಿಂತೆ ಅದೇ. ಅಳುವುದನ್ನು ಬಿಟ್ಟ ಹೆಣ್ಣುಮಗಳು ಒಂದು ಆಸೆ ಎಂದು ಬಾಯಿಬಿಟ್ಟು ಕೇಳಿದ್ದಾಳೆ. ಇದೊಂದನ್ನು ನಡೆಸಿಕೊಡದೆ ನಾನು ಊರಿಗೆ ಮರಳುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

“ಅಪ್ಪ ಇದ್ದಿದ್ರೆ ಅವರೇ ಹೊಡೀತಿದ್ರು,” ಎಂದಳು ದೇಚು. “ಒಂದೇ ಒಂದು ಸೌಂಡ್, ಮಾವಿ. ಇವಳು ಬಂದಿದಾಳೆ ಅಂತ ಯಾರಿಗಾದ್ರೂ ಗೊತ್ತಾಗ್ಬೇಕಲ್ವಾ?”

“ಯೂಟ್ಯೂಬಲ್ಲಿ ಹಾಕಿದ್ರೆ ಆಗಲ್ವಾ?” ಎಂದ ಶ್ರೀನಿಧಿ.

ನಾವಿಬ್ಬರೂ ಅವನನ್ನು ನೋಡಿದೆವು. ಅವನು ಬಾಟಲಿ ತೊಳೆಯಲು ಹೋದ.

ಪಕ್ಕದ ಮನೆ

ಜಪಾನಿನಲ್ಲಿ ಕೋವಿ ಕಾಣುವುದು ನಮ್ಮೂರಿನಲ್ಲಿ ಹಿಮ ಕಂಡಷ್ಟೇ ಅಪರೂಪ ಎಂದು ಶ್ರೀನಿಧಿ ಹೇಳಿದ್ದ. ಪಕ್ಕದ ಮನೆಯಲ್ಲೇ ಒಂದಿತ್ತು.

ಅದು ಮೊರಿತಾ ಸಾನ್ ಅವರದು. ಸಾನ್ ಎಂದರೆ ಅಲ್ಲಿ ಮರ್ಯಾದೆಗೆ ಹೆಸರಿನ ಹಿಂದೆ ಸೇರಿಸುವ ಮಾತು. ಅವರು ನಿವೃತ್ತರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಒಂದು ಬೆಳಿಗ್ಗೆ ಅವರು ಉದ್ದನೆಯ ಬಟ್ಟೆಚೀಲವೊಂದನ್ನು ಎದೆಗವಚಿಕೊಂಡು, ಬೀದಿಯ ಎಡಬಲ ನೋಡಿ, ಕಾರಿನೊಳಗೆ ಇಡುತ್ತಿದ್ದರು. ಕದ್ದ ಮಗುವನ್ನು ಸಾಗಿಸುವವರ ಗಡಿಬಿಡಿ. ಚೀಲದ ಆಕಾರ ನೋಡಿದ ಕೂಡಲೇ ನನ್ನ ಕೈ ಜುಮ್ಮೆಂದಿತು. ಬೇಲಿಯ ಬಳಿ ಹೋಗಿ, ಹೆಗಲಿಗೆ ಇಲ್ಲದ ಕೋವಿ ಏರಿಸಿ, ಒಂದು ಕಣ್ಣು ಮುಚ್ಚಿ ಗುರಿಯಿಟ್ಟು ತೋರಿಸಿದೆ. ಮಾಸ್ಕಿನ ಮೇಲೆ ಅವರ ಕಣ್ಣು ಅಗಲವಾಯಿತು.

ಆಮೇಲಿನ ಸಂಭಾಷಣೆ ನನ್ನ ಫೋನಿನ ಅನುವಾದದ ಮೂಲಕ. ಅವರು ಬೇಟೆಗಾರರು, ಬೆಟ್ಟದ ಹೊಲಗಳನ್ನು ಹಾಳುಗೆಡಹುವ ಕಾಡುಹಂದಿಗಳನ್ನು ಹೊಡೆಯುವ ತಂಡದವರು. ಕಾಡುಹಂದಿ ಎಂದು ಫೋನು ಹೇಳಿದ್ದೇ ತಡ, ನಮ್ಮಿಬ್ಬರ ನಡುವಿನ ಸಮುದ್ರವೆಲ್ಲ ಬತ್ತಿತು. ಹಂದಿ ಗದ್ದೆಗೆ ಯಾವ ಮೂಲೆಯಿಂದ ಇಳಿಯುತ್ತದೆ, ಗಾಯಗೊಂಡರೆ ಯಾವ ಕಡೆ ತಿರುಗುತ್ತದೆ ಎಂದು ಬೇಲಿಯ ಮೇಲೆ ಗೆರೆ ಎಳೆದು ತೋರಿಸಿಕೊಂಡೆವು. ಮಾರನೆಯ ದಿನ ಅವರು ಫ್ರೀಜರಿನಲ್ಲಿದ್ದ ಒಂದು ತುಂಡು ಮಾಂಸ ತಂದುಕೊಟ್ಟರು. ನಾನು ಊರಿನಿಂದ ತಂದಿದ್ದ ಕಪ್ಪು ಹುಳಿ, ಕಾಚಂಪುಳಿ, ಹಾಕಿ ಕರಿ ಮಾಡಿ ಅರ್ಧ ಅವರಿಗೆ ಕೊಟ್ಟೆ. ಸಸ್ಯಾಹಾರಿ ಶ್ರೀನಿಧಿ ಫ್ರಿಜ್ಜಿನಲ್ಲಿ ತನ್ನ ಮೊಸರಿನ ಡಬ್ಬಿಯನ್ನು ಮೇಲಿನ ಅರೆಗೆ ವರ್ಗಾಯಿಸಿ, ಅದರ ಸುತ್ತ ಪ್ಲಾಸ್ಟಿಕ್ ಸುತ್ತಿದ.

ನಾನು ಚೀಲ ಯಾಕೆ ಎಂದು ಕೇಳಿದೆ. ಕೋವಿಯನ್ನು ಬೀದಿಯಲ್ಲಿ ಯಾರಿಗೂ ಕಾಣದಂತೆ ಒಯ್ಯಬೇಕಂತೆ, ಮನೆಯಲ್ಲಿ ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿಡಬೇಕಂತೆ, ಗುಂಡುಗಳಿಗೆ ಬೇರೆ ಪೆಟ್ಟಿಗೆಯಂತೆ. ನಮ್ಮಲ್ಲಿ ತೋರಿಸಿಕೊಂಡು ಹೋಗುವುದೇ ಮರ್ಯಾದೆ, ಇಲ್ಲಿ ಮುಚ್ಚಿಕೊಂಡು ಹೋಗುವುದೇ ಮರ್ಯಾದೆ. ಪಾಪದ ಕೋವಿ, ಹಬ್ಬಕ್ಕೂ ಹೊರಗೆ ಬರುವಂತಿಲ್ಲ ಎಂದು ನನಗೆ ಮರುಕವಾಯಿತು.

ಆ ಮರುಕದಲ್ಲೇ ಕೇಳಿಬಿಟ್ಟೆ. ಭಾನುವಾರ ಬೆಳಿಗ್ಗೆ, ನಿಮ್ಮ ಹಿತ್ತಲಿನಲ್ಲಿ, ಆಕಾಶಕ್ಕೆ ಒಂದೇ ಒಂದು ಗುಂಡು, ನಮ್ಮ ಮಗುವಿಗಾಗಿ. ಮೊರಿತಾ ಸಾನ್ ಬಹಳ ಹೊತ್ತು ಆಕಾಶ ನೋಡಿದರು. ಹಲ್ಲಿನ ನಡುವೆ ಉಸಿರೆಳೆದರು. ‘ಭಾನುವಾರ ಮಳೆ ಬರಬಹುದೇನೋ’ ಎಂದು ಫೋನು ಹೇಳಿತು.

“ಮಳೆಯಲ್ಲೂ ಹೊಡೆಯಬಹುದು. ಕೊಡಗಿನಲ್ಲಿ ನಾವು ಮಳೆಗೆ ಹೆದರುವುದಿಲ್ಲ,” ಎಂದು ಧೈರ್ಯ ತುಂಬಿದೆ.

ಮಾರನೆಯ ದಿನ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಒಂದು ಚೀಲ ತುಂಬ ಪರ್ಸಿಮನ್ ಹಣ್ಣು, ಅವರದೇ ಗಿಡದ್ದು. ಎರಡೂ ಕೈಯಲ್ಲಿ ಚೀಲ ನೀಡಿ, ಅದುವರೆಗೆ ಯಾರೂ ನನಗೆ ಬಗ್ಗಿರದಷ್ಟು ಬಗ್ಗಿದರು. ಮಾತಾಡಲಿಲ್ಲ. ನಮ್ಮ ಕಡೆ ಬರಿಗೈಯಲ್ಲಿ ಬಾರದೆ ಹಣ್ಣು ಹಿಡಿದು ಬಂದವನು ಒಪ್ಪಿಕೊಂಡ ಎಂದೇ ಲೆಕ್ಕ. ಹೆಣ್ಣು ಕೊಡುವ ಮಾತಾದರೂ ಅಷ್ಟೇ. ನಾನು ಸಂತೋಷದಿಂದ ‘ಅರಿಗಾತೋ, ಅರಿಗಾತೋ’ ಎಂದು ಅವರಷ್ಟೇ ಬಗ್ಗಿದೆ.

ದೇಚುವಿಗೆ ಹೇಳಲಿಲ್ಲ. ಭಾನುವಾರ ಅವಳು ಬೆಚ್ಚಿ ಹೊರಗೆ ಓಡಿ ಬರಲಿ ಎಂದಿತ್ತು. ಪರ್ಸಿಮನ್ನುಗಳನ್ನು ಶ್ರೀನಿಧಿಯೇ ಮುಗಿಸಿದ. ಚೆನ್ನಾಗಿವೆ ಅತ್ತೆ, ಎಂದು ಹೊಗಳುತ್ತ ತಿಂದ.

ಬಾಗಿಲಲ್ಲಿ ಪೊಲೀಸ್

ಶ್ರೀನಿಧಿ ಆಫೀಸಿಗೆ ಹೋಗಿದ್ದ, ತಾಯಿ ಮಗು ಮಲಗಿದ್ದರು. ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಎಳೆಯ ಪೊಲೀಸ್ ಅಧಿಕಾರಿ. ಓಕಾದಾ ಎಂದು ಪರಿಚಯ ಹೇಳಿಕೊಂಡ. ಮಾಸ್ಕ್ ಸರಿಪಡಿಸಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ತನ್ನ ಫೋನು ಮುಂದೆ ಹಿಡಿದ. ಮೊರಿತಾ ಸಾನ್ ಅವರ ಕೋವಿಯ ಪರವಾನಗಿ ನವೀಕರಿಸುವ ಸಮಯವಂತೆ. ಅದಕ್ಕೆ ನೆರೆಹೊರೆಯವರನ್ನು ವಿಚಾರಿಸುತ್ತಾರಂತೆ. ಅವರು ಸಿಟ್ಟಿನವರೇ? ಕುಡಿದು ಗಲಾಟೆ ಮಾಡುತ್ತಾರೆಯೇ? ಹೆಂಡತಿಯೊಡನೆ ಜಗಳವಾಡುವುದು ಕೇಳಿಸುತ್ತದೆಯೇ?

ನನಗೆ ನಗು ತಡೆಯಲಾಗಲಿಲ್ಲ. ಈ ಪ್ರಶ್ನೆಗಳನ್ನು ಕೊಡಗಿನಲ್ಲಿ ಮನೆಮನೆಗೆ ಹೋಗಿ ಕೇಳಿದರೆ ಜಿಲ್ಲೆಯಲ್ಲಿ ಎಷ್ಟು ಕೋವಿ ಉಳಿದಾವು! ಆದರೆ ನೆರೆಯವರ ಮಾನದ ಪ್ರಶ್ನೆ. ಅವರ ಪರವಾಗಿ ಒಳ್ಳೆಯ ಸಾಕ್ಷಿ ಹೇಳಬೇಕೆಂದು ಹುರುಪು ಬಂತು.

“ಮೊರಿತಾ ಸಾನ್ ಅಪ್ಪಟ ಸಜ್ಜನರು,” ಎಂದೆ ಫೋನಿಗೆ. “ಬಹಳ ಧಾರಾಳಿ. ಭಾನುವಾರ ಬೆಳಿಗ್ಗೆ ಹಿತ್ತಲಿನಲ್ಲಿ ನಮ್ಮ ಮಗುವಿಗೋಸ್ಕರ ಆಕಾಶಕ್ಕೆ ಗುಂಡು ಹಾರಿಸುತ್ತಿದ್ದಾರೆ. ನೀವೂ ಬನ್ನಿ, ಕಾಫಿ ಮಾಡುತ್ತೇನೆ.”

ಫೋನು ಅದನ್ನು ಜಪಾನೀ ಭಾಷೆಯಲ್ಲಿ ಇಂಪಾದ ಹೆಣ್ಣುದನಿಯಲ್ಲಿ ಹೇಳಿತು. ಓಕಾದಾ ಸಾನ್ ಅಲ್ಲಾಡಲಿಲ್ಲ. ಇನ್ನೊಮ್ಮೆ ಹೇಳಿ ಎಂದು ಕೇಳಿಕೊಂಡ. ಇನ್ನೊಮ್ಮೆ ಹೇಳಿದೆ, ಈ ಸಲ ಸ್ವಲ್ಪ ನಿಧಾನವಾಗಿ. ಅವನು ಬಗ್ಗಿ ನಮಸ್ಕರಿಸಿ ಹೊರಟುಹೋದ. ಪೊಲೀಸರಿಗೆ ಮೊದಲೇ ಒಂದು ಮಾತು ತಿಳಿಸಿದಂತೆಯೂ ಆಯಿತು ಎಂದು ನಾನು ಹಗುರಾಗಿ ಅಕ್ಕಿ ಆರಿಸಲು ಕುಳಿತೆ.

ಸಂಜೆ ಶ್ರೀನಿಧಿ ಬಂದವನು ಶೂ ಕೂಡ ಬಿಚ್ಚಲಿಲ್ಲ.

“ಅತ್ತೆ, ಮೊರಿತಾ ಸಾನ್ ಮನೆ ಮುಂದೆ ಪೊಲೀಸ್ ಕಾರ್ ಇತ್ತಂತೆ. ಅವರ ಗನ್ ತಗೊಂಡು ಹೋಗಿದಾರಂತೆ. ಇಡೀ ಬೀದಿಗೆ ಗೊತ್ತಾಗಿದೆ. ಏನಾಯ್ತು, ನಿಮಗೇನಾದ್ರೂ ಗೊತ್ತಾ?”

ನಾನು ಹೇಳಿದೆ. ಹೇಳುತ್ತ ಹೋದಂತೆ ಅವನ ಮುಖದ ಬಣ್ಣ ಅವನ ಮೊಸರಿನ ಬಣ್ಣಕ್ಕೆ ತಿರುಗಿತು. ಮನೆಯ ಹಿತ್ತಲಿನಲ್ಲಿ ಗುಂಡು ಹಾರಿಸುವುದು ಇಲ್ಲಿ ಜೈಲಿನ ಕೆಲಸ. ಹಾರಿಸುತ್ತೇನೆಂದು ಒಪ್ಪಿಕೊಂಡವನಿಗೆ ಮತ್ತೆಂದೂ ಕೋವಿ ಸಿಗುವುದಿಲ್ಲ.

ಒಳಗಿನಿಂದ ದೇಚು ಬಂದಳು. “ನಂಗೋಸ್ಕರ ಕೇಳಿದ್ರಾ, ಮಾವಿ?” ಎಂದಳು. ಬೈದಿದ್ದರೆ ಚೆನ್ನಾಗಿತ್ತು. “ಬಿಡಿ. ಸೌಂಡ್ ಬೇಡ. ಮೊರಿತಾ ಸಾನ್‌ಗೆ ಗನ್ ವಾಪಸ್ ಸಿಕ್ರೆ ಸಾಕು,” ಎಂದು ಮಗುವನ್ನೆತ್ತಿಕೊಂಡು ಮತ್ತೆ ಒಳಗೆ ಹೋದಳು. ನನಗೆ ನಾಚಿಕೆಯಾಯಿತು. ಒಬ್ಬ ಬೇಟೆಗಾರನಿಂದ ಕೋವಿ ಕಸಿದುಕೊಳ್ಳುವುದು ಎಂದರೇನೆಂದು ಆ ಬೀದಿಯಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಠಾಣೆ

ಮಾರನೆಯ ಬೆಳಿಗ್ಗೆ ಶ್ರೀನಿಧಿ ರಜೆ ಹಾಕಿ, ಕೋಟು ತೊಟ್ಟು, ಟೈ ಕಟ್ಟಿಕೊಂಡು ನನ್ನೊಡನೆ ಠಾಣೆಗೆ ಬಂದ. ಬಾಗಿಲಲ್ಲಿ ಹಣೆಯ ಉಷ್ಣ ನೋಡಿದರು, ಕೈಗೆ ಸ್ಯಾನಿಟೈಸರ್ ಹಾಕಿದರು. ಪ್ಲಾಸ್ಟಿಕ್ ಪರದೆಯ ಆ ಕಡೆ ಓಕಾದಾ ಸಾನ್, ಅವನ ಮೇಲಧಿಕಾರಿ, ಮತ್ತೆ ಕುತೂಹಲಕ್ಕೆ ಬಂದು ನಿಂತ ಇನ್ನಿಬ್ಬರು. ಈ ಕಡೆ ನಾವು.

ತಪ್ಪೆಲ್ಲ ನನ್ನದು, ನಮ್ಮ ನಾಡಿನಲ್ಲಿ ಇದು ಪದ್ಧತಿ, ಎಂದು ಶುರು ಮಾಡಿದೆ. ಶ್ರೀನಿಧಿ ಅನುವಾದಿಸಿದ. ಅವರು ನಂಬಿದ ಹಾಗೆ ಕಾಣಲಿಲ್ಲ. ಸಾಕ್ಷ್ಯ ಬೇಕಲ್ಲ! ಫೋನು ತೆಗೆದು ವಿರಾಜಪೇಟೆಯ ಫೋಟೋ ಪರದೆಗೆ ಒತ್ತಿ ಹಿಡಿದೆ. ಶ್ರೀನಿಧಿ ಕಣ್ಣು ಮುಚ್ಚಿಕೊಂಡ.

ನಾಲ್ವರೂ ಬಗ್ಗಿ ನೋಡಿದರು. ಮೇಲಧಿಕಾರಿ ಕನ್ನಡಕ ಹಾಕಿಕೊಂಡರು.

“ಇದು ನೀವೇನಾ ಅಂತ ಕೇಳ್ತಿದಾರೆ.”

“ನಾನೇ.”

“ಕೋವಿ ನಿಜವಾದ್ದಾ ಅಂತೆ.”

“ನಮ್ಮಜ್ಜನದ್ದು.”

“ಪಕ್ಕದಲ್ಲಿರೋ ಯೂನಿಫಾರ್ಮ್ ಯಾರು ಅಂತೆ.”

“ಪೊಲೀಸ್.”

ಅವರವರಲ್ಲೇ ಗುಸುಗುಸು ನಡೆಯಿತು. “ಆ ಪೊಲೀಸ್ ಯಾಕೆ ನಗ್ತಿದಾರೆ, ಅವರ ಕೈಯಲ್ಲಿ ಏನಿದೆ ಅಂತ ಕೇಳ್ತಿದಾರೆ ಅತ್ತೆ.”

“ಕಡಂಬುಟ್ಟು. ಅಕ್ಕಿ ಕಡುಬು,” ಎಂದೆ.

ಆಮೇಲೆ ದೇಚುವಿನ ವಿಷಯವನ್ನೂ ಹೇಳಿದೆ. ಅಣ್ಣನ ವಿಷಯವನ್ನೂ. ಎಲ್ಲವನ್ನೂ ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು. ಶ್ರೀನಿಧಿಯ ಅನುವಾದ ಒಂದೆರಡು ಕಡೆ ನಿಂತು ಮುಂದುವರಿಯಿತು. ಮೇಲಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಆದರೆ ಕಾನೂನಿನ ಪ್ರಶ್ನೆ ಹಾಗೆಯೇ ಉಳಿದಿತ್ತು. ನೀವು ಕೇಳಿದ್ದಕ್ಕೆ ಮೊರಿತಾ ಸಾನ್ ಏನೆಂದು ಉತ್ತರಿಸಿದರು? ನೆನಪು ಮಾಡಿಕೊಂಡು ಹೇಳಿ.

“ಭಾನುವಾರ ಮಳೆ ಬರಬಹುದು ಎಂದರು.”

ಓಕಾದಾ ಸಾನ್ ತಲೆಯೆತ್ತಿದ.

“ಮಾರನೆಯ ದಿನ ಪರ್ಸಿಮನ್ ತಂದು ಕೊಟ್ಟರು.”

ನಾಲ್ವರೂ ಒಟ್ಟಿಗೆ “ಆ...” ಎಂದರು. ನೀರಿನಲ್ಲಿ ಮುಳುಗಿದ್ದವರು ಮೇಲೆ ಬಂದು ಉಸಿರು ಬಿಟ್ಟ ಹಾಗಿತ್ತು.

“ಎಷ್ಟು ಹಣ್ಣು ಅಂತ ಕೇಳ್ತಿದಾರೆ,” ಎಂದ ಶ್ರೀನಿಧಿ. ಅವನ ಮುಖದಲ್ಲೂ ಏನೋ ಬೆಳಕು ಬರತೊಡಗಿತ್ತು.

“ಒಂದು ಚೀಲ ತುಂಬ. ನೀನೇ ತಿಂದದ್ದಲ್ಲವಾ?”

“ಚೀಲ ತುಂಬ!” ಎಂದು ಮೇಲಧಿಕಾರಿ ಮಿಕ್ಕವರ ಕಡೆ ತಿರುಗಿ ತಲೆದೂಗಿದರು.

“ಅತ್ತೆ, ಅವರು ಒಪ್ಪಿಕೊಂಡಿರ್ಲಿಲ್ಲ,” ಎಂದ ಶ್ರೀನಿಧಿ. “ಇಲ್ಲಿ ಯಾರೂ ಮುಖದ ಮೇಲೆ ಆಗಲ್ಲ ಅನ್ನಲ್ಲ. ಮಳೆ ಬರುತ್ತೆ ಅಂತಾರೆ. ಆಮೇಲೆ ಬೇಜಾರಾಗ್ಬಾರ್ದು ಅಂತ ಹಣ್ಣು ತಂದ್ಕೊಡ್ತಾರೆ. ಒಂದು ಚೀಲ ಅಂದ್ರೆ ಸಾಧ್ಯವೇ ಇಲ್ಲ ಅಂತ. ನಂಗೆ ಆವತ್ತೇ ಹೇಳಿದ್ರೆ ಗೊತ್ತಾಗ್ತಿತ್ತು.”

ಹಾಗೆ ಒಂದು ಚೀಲ ಹಣ್ಣು ಮೊರಿತಾ ಸಾನ್ ಅವರನ್ನು ಉಳಿಸಿತು. ಅವರು ಮೊದಲ ದಿನವೇ ಇದನ್ನು ಪೊಲೀಸರಿಗೆ ಹೇಳಬಹುದಿತ್ತಲ್ಲ ಎಂದು ಕೇಳಿದೆ. ವಿದೇಶದಿಂದ ಬಂದ ಹಿರಿಯ ಹೆಂಗಸನ್ನು ಸುಳ್ಳಿಯನ್ನಾಗಿ ಮಾಡುವುದು ಹೇಗೆಂದು ಅವರು ಬಾಯಿ ತೆರೆಯಲೇ ಇಲ್ಲವಂತೆ. ಕೋವಿ ಹೋದರೂ ಚಿಂತೆಯಿಲ್ಲ, ನೆರೆಯವಳ ಮುಖ ಕೆಡಬಾರದು! ಇಂಥವರೊಡನೆ ಬಾಳುವುದು ಕಷ್ಟ ಎಂದು ನನಗೆ ಸಿಟ್ಟೂ ಬಂತು, ಅವರನ್ನು ಅಪ್ಪಿಕೊಳ್ಳಬೇಕೆಂದೂ ಅನ್ನಿಸಿತು.

ಎರಡು ದಿನದ ನಂತರ ಕೋವಿ ಚೀಲದೊಳಗೆ ಮರಳಿತು. ಸಂಜೆ ಮೊರಿತಾ ಸಾನ್ ಬಂದು, ತಾವು ಸ್ಪಷ್ಟವಾಗಿ ಹೇಳದೆ ಹೋದದ್ದಕ್ಕೆ ನನ್ನ ಕ್ಷಮೆ ಕೇಳಿದರು. ನಾನು ಅವರ ಕ್ಷಮೆ ಕೇಳಿದೆ. ಬಾಗಿಲಲ್ಲಿ ಇಬ್ಬರೂ ಬಗ್ಗಿ ಏಳುವುದು ಸಾಕಷ್ಟು ಹೊತ್ತು ನಡೆಯಿತು. ಈ ಸಲ ದೇಚು ಪಕ್ಕದಲ್ಲಿ ನಿಂತು ಅನುವಾದಿಸಿದಳು. ಬೇಟೆಯ ಕಾಲ ಶುರುವಾಗುವ ಮುನ್ನ ಅವರು ಬೆಟ್ಟದ ಮೇಲಿನ ಗುರಿಯಾಟದ ಮೈದಾನಕ್ಕೆ ಅಭ್ಯಾಸಕ್ಕೆ ಹೋಗುವುದುಂಟು. ಅಲ್ಲಿ ಮಣ್ಣಿನ ತಟ್ಟೆಗಳನ್ನು ಗಾಳಿಗೆ ಹಾರಿಸುತ್ತಾರೆ, ಅವಕ್ಕೆ ಗುಂಡು ಹೊಡೆಯುವುದು. ಅದು ಕಾನೂನಿಗೆ ಸರಿ. ಕೇಳಲು ಬರುವವರಿಗೆ ಅಡ್ಡಿಯಿಲ್ಲ ಎಂದು ಓಕಾದಾ ಸಾನ್ ಹೇಳಿದ್ದಾನೆ.

“ಹಣ್ಣು ತಂದಿಲ್ಲವಲ್ಲ?” ಎಂದು ಅವರ ಕೈ ನೋಡಿದೆ. ದೇಚು ಅದನ್ನೂ ಅನುವಾದಿಸಿದಳು. ಮೊರಿತಾ ಸಾನ್ ಮಾಸ್ಕಿನೊಳಗೆ ಜೋರಾಗಿ ನಕ್ಕರು.

ಬೆಟ್ಟದ ಮೇಲೆ

ಭಾನುವಾರ ಮಳೆ ಬರಲಿಲ್ಲ. ಬೆಟ್ಟದ ಮರಗಳು ಅಲ್ಲಲ್ಲಿ ಕೆಂಪಾಗತೊಡಗಿದ್ದವು. ಮೈದಾನದಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಕೆಲವರು ಸಾಲಾಗಿ ನಿಂತು, ಸರದಿಯಂತೆ ಹೊಡೆದು, ಹೊಡೆದಾದ ಮೇಲೆ ಒಬ್ಬರಿಗೊಬ್ಬರು ವಂದಿಸುತ್ತಿದ್ದರು. ಗುರಿ ತಪ್ಪಿದವನು ತಟ್ಟೆಗೂ ಕ್ಷಮೆ ಕೇಳುತ್ತಾನೇನೋ ಎಂದು ನಾನು ಕಾದು ನೋಡಿದೆ. ನಾವು ದೂರದಲ್ಲಿ, ಕಾರು ನಿಲ್ಲಿಸುವ ಜಾಗದಲ್ಲಿ ನಿಂತಿದ್ದೆವು. ದೇಚುವಿನ ತೋಳಿನಲ್ಲಿ ಮಗು. ಶ್ರೀನಿಧಿ ಮಗುವಿನ ಟೋಪಿಯ ಮೇಲೆ ಹತ್ತಿ, ಹತ್ತಿಯ ಮೇಲೆ ತನ್ನ ಎರಡೂ ಅಂಗೈ ಇಟ್ಟು ಕಿವಿ ಮುಚ್ಚಿದ್ದ.

ಇಷ್ಟು ಸದ್ದಿನಲ್ಲಿ ನಮ್ಮದು ಯಾವುದು ಎಂದು ಗೊತ್ತಾಗುವುದು ಹೇಗೆ ಎಂದು ನನಗೆ ಚಿಂತೆ. ಮೊರಿತಾ ಸಾನ್ ಅದನ್ನೂ ಯೋಚಿಸಿದ್ದರು. ಮಿಕ್ಕವರು ಚಹಾ ಕುಡಿಯಲು ಹೋಗುವವರೆಗೆ ಸುಮ್ಮನೆ ಕುಳಿತಿದ್ದರು. ಬೆಟ್ಟ ಸ್ತಬ್ಧವಾದ ಮೇಲೆ ಎದ್ದು ತಮ್ಮ ಜೋಡಿ ನಳಿಗೆಯ ಕೋವಿ ಬಿಚ್ಚಿ, ಒಂದೇ ತೋಟಾ ಹಾಕಿದರು. ತಟ್ಟೆ ಹಾರಿತು. ಢಂ!

ತಟ್ಟೆ ಪುಡಿಯಾಯಿತು. ಬೆಟ್ಟಗಳು ಆ ಸದ್ದನ್ನು ಒಂದರಿಂದೊಂದಕ್ಕೆ ದಾಟಿಸಿದವು. ಮಗು ಒಂದು ಸಲ ಕೈಕಾಲು ಅಗಲಿಸಿ, ಮತ್ತೆ ಮಡಚಿಕೊಂಡು ನಿದ್ದೆ ಮುಂದುವರಿಸಿತು. ಬೆಚ್ಚಿಬಿದ್ದವನು ಶ್ರೀನಿಧಿ. ಮೊರಿತಾ ಸಾನ್ ಕೋವಿಯನ್ನು ಬಿಚ್ಚಿ ತೋಳಿನ ಮೇಲಿಟ್ಟುಕೊಂಡು, ನಮ್ಮ ಕಡೆ ತಿರುಗಿ, ಮಗುವಿಗೆ ನಮಸ್ಕರಿಸಿದರು. ಮಗುವಿನ ಪರವಾಗಿ ನಾನು ಹೆಮ್ಮೆಯಿಂದ ಬಗ್ಗಿದೆ. ಬಂದ ಕೆಲಸ ಮುಗಿಯಿತು, ಇನ್ನು ಇಳಿದು ಹೋಗಿ ಊಟ ಮಾಡಬಹುದು ಎಂದುಕೊಂಡೆ.

ದೇಚು ಅಲುಗಲಿಲ್ಲ. ಬೆಟ್ಟದ ಕಡೆ ನೋಡುತ್ತಲೇ ಇದ್ದಳು.

“ಮಾವಿ,” ಎಂದಳು. “ಅಪ್ಪಂಗೆ ಯಾರೂ ಹೊಡೀಲಿಲ್ಲ ಅಲ್ವಾ?”

“ಇಲ್ಲ.”

“ಈಗ ಹೊಡೀಬಹುದಾ?”

ಹುಟ್ಟಿನ ಗುಂಡಿನ ಹಿಂದೆಯೇ ಸಾವಿನ ಗುಂಡು, ಅದೂ ಎಳೆಗೂಸಿನ ಎದುರು. ಊರಿನ ಯಾವ ಹಿರಿಯರೂ ಒಪ್ಪುವುದಿಲ್ಲ. ಅತ್ತಿಗೆಗೆ ತಿಳಿದರೆ ಒಂದು ತಿಂಗಳು ನನ್ನೊಡನೆ ಮಾತಾಡುವುದಿಲ್ಲ. ಕೇಳಿ ಹೇಳೋಣವೆಂದರೆ ಆ ಬೆಟ್ಟದ ಮೇಲೆ ನಮ್ಮವರಲ್ಲಿ ಹಿರಿಯಳು ನಾನೊಬ್ಬಳೇ. ಮಗುವನ್ನು ಶ್ರೀನಿಧಿಯ ಕೈಗೆ ಕೊಡಿಸಿ, ಕಾರಿನೊಳಗೆ ಕೂರು ಎಂದೆ. ಅವನು ಏನೂ ಕೇಳದೆ ಹೋಗಿ ಬಾಗಿಲು ಹಾಕಿಕೊಂಡ.

ಮೊರಿತಾ ಸಾನ್ ಕಡೆ ತಿರುಗಿ ಎರಡು ಬೆರಳೆತ್ತಿದೆ. ಆಮೇಲೆ ದೇಚುವನ್ನು ತೋರಿಸಿದೆ. ಠಾಣೆಯಲ್ಲಿ ನಾನು ಹೇಳಿದ್ದು ಅವರ ಕಿವಿಗೂ ಬಿದ್ದಿರಬೇಕು. ಅವರು ಟೋಪಿ ತೆಗೆದು ನೆಲದ ಮೇಲಿಟ್ಟರು. ಎರಡೂ ನಳಿಗೆಗೆ ತೋಟಾ ತುಂಬಿದರು.

ಢಂ. ಢಂ.

ಎರಡನೆಯ ಸದ್ದು ಇನ್ನೂ ಬೆಟ್ಟದಲ್ಲಿ ಉರುಳುತ್ತಿರುವಾಗ ದೇಚು ಜಲ್ಲಿಕಲ್ಲಿನ ಮೇಲೆ ಕುಸಿದು ಕುಳಿತಳು. ನಾನೂ ಪಕ್ಕದಲ್ಲಿ ಕುಳಿತೆ. ಮಾಸ್ಕ್ ಕಿತ್ತು ಹಾಕಿ, ಬಾಯಿ ತೆರೆದು, ಆ ಊರಿನಲ್ಲಿ ಯಾರೂ ಅಳದಷ್ಟು ಜೋರಾಗಿ ಅತ್ತಳು.

“ಅಪ್ಪ ಹೋಗ್ಬಿಟ್ರು, ಮಾವಿ,” ಎಂದಳು, ಸುದ್ದಿ ಆಗಷ್ಟೇ ತಲುಪಿದವಳ ಹಾಗೆ.

“ಹೌದು ಮಗಳೇ,” ಎಂದೆ. “ಹೋದ.”